ರಾವಿನಿಯಾಳ ಗದ್ದ

ಎರಾನಾ ಅಮ್ಮನ ಪಟವನ್ನು ಶವಪೆಟ್ಟಿಗೆಯ ತಲೆಯ ಕಡೆ ನಿಲ್ಲಿಸುತ್ತಿದ್ದಂತೆಯೇ ದೊಡ್ಡಮ್ಮ ಪಿರಿಹಿರಾ ಊರುಗೋಲಿನಿಂದ ಅದನ್ನು ಕವುಚಿಹಾಕಿದಳು.

"ಈ ಗದ್ದ ಹೊತ್ಕೊಂಡು ಇವಳು ಇಲ್ಲಿ ಕೂರೋ ಹಾಗಿಲ್ಲ."

"ದೊಡ್ಡಮ್ಮಾ, ಅಮ್ಮಂದು ಅಂತ ಇರೋದೇ ಇದೊಂದು. ಇದೂ ಇಲ್ಲ ಅಂದ್ರೆ ನಮ್ಮ ಸಭಾಮನೆ ಗೋಡೆ ಮೇಲೆ, ಸತ್ತೋರ ಪಟಗಳ ಸಾಲಿನಲ್ಲಿ, ಅವಳೆಲ್ಲಿರ್ತಾಳೆ?"

ಪಿರಿಹಿರಾ ಪೆಟ್ಟಿಗೆಯತ್ತ ಬಗ್ಗಿದಳು. "ಕೇಳಿಸ್ತೇನೇ ರಾವಿನಿಯಾ? ಸೂಜಿ ನೋಡಿ ಓಡಿದೋಳಿಗೆ ಮೆರವಣಿಗೆ ಬೇಕಂತೆ!"

ಚಾಪೆಯ ಮೇಲಿನ ಹೆಂಗಸರು ಅಳುತ್ತಲೇ ನಕ್ಕರು. ಹೆಣವನ್ನು ಎದುರಿಗೇ ಬೈಯುವುದು ಮಾವೋರಿ ಜನರಲ್ಲಿ ಮರ್ಯಾದೆ. ಬೈಸಿಕೊಳ್ಳದೆ ಹೋಗುವವರು ದಿಕ್ಕಿಲ್ಲದವರು.

* * *

ಹರೆಯದಲ್ಲಿ ಅಕ್ಕತಂಗಿಯರಿಬ್ಬರಿಗೂ ಒಂದೇ ದಿನ ಹಚ್ಚೆ ಎಂದಾಗಿತ್ತು, ಗದ್ದಕ್ಕೂ ತುಟಿಗೂ; ಅದು ಆ ಕುಲದ ಹೆಂಗಸರು ನೋವುಂಡು ಗಳಿಸುವ ಗುರುತು. ಪಿರಿಹಿರಾ ಹಲ್ಲು ಕಚ್ಚಿ ಚುಚ್ಚಿಸಿಕೊಂಡಳು. ಅವಳ ರಕ್ತ ಒರೆಸಿದ ಬಟ್ಟೆ ಕಂಡು ಓಡಿದ ರಾವಿನಿಯಾ ನಿಂತದ್ದು ಬಿಸಿನೀರ ಬುಗ್ಗೆಗಳ ಪೇಟೆಯಲ್ಲೇ. ಅಲ್ಲಿ ಹೋಟೆಲೊಂದರ ಬಟ್ಟೆ ಒಗೆಯುವ ಕೆಲಸಕ್ಕೆ ಸೇರಿದಳು.

ಮುಂದಿನ ಬೇಸಿಗೆಯಲ್ಲಿ ಅಲ್ಲಿನ ಬಿಳಿಯ ಫೋಟೋದವನು ಅವಳಿಗೆ ಬಾಡಿಗೆಯ ಗರಿಹೊದಿಕೆ ಹೊದಿಸಿ ಕೂರಿಸಿದ.

"ಗದ್ದ ಖಾಲಿ. ಖಾಲಿ ಗದ್ದ ಯಾರು ಕೊಳ್ತಾರೆ?"

ಹಿಂದೊಮ್ಮೆ ಊರಿಗೆ ಬಂದು ಅವನೇ ತೆಗೆದಿದ್ದ ಪಿರಿಹಿರಾಳ ಚಿತ್ರ ಗೋಡೆಯಲ್ಲಿತ್ತು. ಅದನ್ನು ನೋಡಿಕೊಂಡು ಕುಂಚ ಅದ್ದಿ ಅವಳ ಗದ್ದಕ್ಕೂ ತುಟಿಗೂ ಅದೇ ಗೆರೆ ಎಳೆದ.

"ಕಚಗುಳಿ ಆಗುತ್ತೆ ದೊರೆ," ರಾವಿನಿಯಾ ನಕ್ಕಳು.

"ನಗಬೇಡ. ನಿಮ್ಮ ಜನ ನಗೋದಿಲ್ಲ."

'ಮಾವೋರಿ ರಾಣಿ' ಎಂಬ ಹೆಸರಿನಲ್ಲಿ ಆ ಚಿತ್ರ ಅಂಚೆ ಕಾರ್ಡಾಗಿ ಹಡಗು ಹತ್ತಿ ಎಲ್ಲೆಲ್ಲಿಗೋ ಹೋಯಿತು. ಹೋಟೆಲಿನ ಅತಿಥಿಗಳು ಕೆಳಗೆ ರಾಣಿಯನ್ನು ಕೊಂಡು, ಮೇಲೆ ಬಂದು, ಹಾಸಿಗೆ ಬಟ್ಟೆ ಬೆಳ್ಳಗಾಗಿಲ್ಲವೆಂದು ರಾವಿನಿಯಾಳನ್ನು ಗದರುತ್ತಿದ್ದರು. ಒಂದು ಕಾರ್ಡು ಊರಿಗೂ ಬಂತು. ಪಿರಿಹಿರಾ ಅದರಲ್ಲಿ ತನ್ನ ಗದ್ದವನ್ನು ಗುರುತಿಸಿದಳು. ಅಂದಿನಿಂದ ತಂಗಿಯ ಜೊತೆ ಮಾತಿಲ್ಲ.

* * *

"ಸರಿ, ಇಟ್ಕೋ," ಎಂದಳು ಪಿರಿಹಿರಾ ಕೊನೆಗೆ. "ಆದ್ರೆ ನಂದು ನಂಗೆ ಬರ್ಲಿ."

ನಾರು ಕೆರೆಯುವ ಕಪ್ಪೆಚಿಪ್ಪನ್ನು ಚೀಲದಿಂದ ತೆಗೆದು, ಪಟವಾಗಿ ನಿಂತಿದ್ದ ಆ ಕಾರ್ಡನ್ನು ಪೆಟ್ಟಿಗೆಯ ಅಂಚಿಗೆ ಒತ್ತಿಹಿಡಿದು ಹೆರೆಯತೊಡಗಿದಳು.

"ಗೆರೆ ಮಾತ್ರ, ದೊಡ್ಡಮ್ಮಾ!" ಎರಾನಾ ಅವಳ ಮಣಿಕಟ್ಟು ಹಿಡಿದಳು. "ತುಟಿ ಬಿಡು. ಅದು ಅಮ್ಮಂದು."

"ತುಟಿಗೂ ನಾನೇ ಚುಚ್ಚಿಸ್ಕೊಂಡಿದ್ದು," ಎಂದು ಪಿರಿಹಿರಾ ಕೈ ಕೊಡವಿ ಹೆರೆದಳು.

ಮೂಗಿನ ಕೆಳಗೆ ಬರೀ ಬಿಳಿ ಕಾಗದ ಉಳಿಯಿತು. ಹೊರಗೆ ಹೆಣ ನೋಡಲು ಬಂದ ಹೊಸ ಗುಂಪನ್ನು ಅಂಗಳಕ್ಕೆ ಕರೆಯುವ ಕೂಗು ಎದ್ದಿತ್ತು. ಎರಾನಾ ಪಟವನ್ನು ಹಾಗೇ ನಿಲ್ಲಿಸಿದಳು.

ಹೆರೆದ ಕಪ್ಪು ಪುಡಿ ಪೆಟ್ಟಿಗೆಯೊಳಗೆ, ರಾವಿನಿಯಾಳ ಬೋಳು ಗದ್ದದ ಮೇಲೆ ಉದುರಿತ್ತು. ಪಿರಿಹಿರಾ ಶಾಲಿನ ತುದಿಯನ್ನು ಬೆರಳಿಗೆ ಸುತ್ತಿ, ಒಂದು ಚೂರೂ ಉಳಿಯದ ಹಾಗೆ ಒರೆಸಿ ತೆಗೆದಳು.