ಹದಿಮೂರನೇ ದಿನದ ತವರು

ನನ್ನ ಮಗಳು ಅಪೂರ್ವಳಿಗೆ ಮುಟ್ಟಿನ ನೋವು ಅಂತ ಯಾವತ್ತೂ ಇರಲಿಲ್ಲ. ಅವಳಿಗೆ ನೋವು ಬರುತ್ತಿದ್ದದ್ದು ನಡುತಿಂಗಳಲ್ಲಿ. ಮುಟ್ಟಾಗಿ ಹದಿಮೂರು ದಿನ ಆಗುವ ಹೊತ್ತಿಗೆ ಬಲಗಡೆ ಕಿಬ್ಬೊಟ್ಟೆಯಲ್ಲಿ ಶುರುವಾಗಿ, ಸೊಂಟಕ್ಕೆ ಸುತ್ತಿಕೊಂಡು, ತೊಡೆಯವರೆಗೂ ಇಳಿಯುತ್ತಿತ್ತು. ಮೂರು ದಿನ ನೆಟ್ಟಗೆ ನಿಲ್ಲುವುದಕ್ಕೆ ಆಗುತ್ತಿರಲಿಲ್ಲ. ಕಾಲೇಜಿಗೆ ಹೋಗುವಾಗ ಸಣ್ಣಗಿದ್ದ ನೋವು ಮದುವೆಯಾದ ಮೇಲೆ ದೊಡ್ಡದಾಯಿತು. ಒಬ್ಬ ಡಾಕ್ಟರು ಗ್ಯಾಸ್ ಅಂದರು. ಇನ್ನೊಬ್ಬರು ಅಪೆಂಡಿಕ್ಸ್ ಇರಬಹುದು ಅಂತ ಹೆದರಿಸಿ, ಆಮೇಲೆ ಅದೇನೂ ಅಲ್ಲ ಅಂತ ಮಾತ್ರೆ ಬರೆದುಕೊಟ್ಟು ಕಳಿಸಿದರು.

ಅವಳ ಗಂಡನ ಮನೆ ಕೆಂಗೇರಿ ಉಪನಗರದಲ್ಲಿ. ಅತ್ತೆ ವೆಂಕಟಲಕ್ಷ್ಮಮ್ಮನವರು ಮಡಿಯವರು. ಮುಟ್ಟಾದರೆ ಮೂರು ದಿನ ಅಡುಗೆಮನೆ ಇಲ್ಲ, ದೇವರಮನೆ ಇಲ್ಲ. ನಡುಮನೆಯ ಮೂಲೆಯಲ್ಲಿ ಚಾಪೆ ಹಾಸಿಕೊಂಡು ಕೂತರೆ ಊಟ ಕೂತಲ್ಲಿಗೇ ಬರುತ್ತದೆ. ನೋವೇ ಇಲ್ಲದ ಮೂರು ದಿನ ಅವಳಿಗೆ ಹೀಗೆ ರಜೆ. ನೋವಿನ ಮೂರು ದಿನಕ್ಕೆ ಆ ಮನೆಯಲ್ಲಿ ಹೆಸರೇ ಇರಲಿಲ್ಲ.

"ಹೊರಗಾದಾಗ ಮಲಗ್ತಾರೆ, ಸರಿ. ನಡುತಿಂಗಳಲ್ಲಿ ಮಲಗೋದು ಯಾವೂರ ಪದ್ಧತಿನಮ್ಮ?" ಎಂದು ಅತ್ತೆ ಒಂದು ಸಲ ನನ್ನೆದುರಿಗೇ ಕೇಳಿದರು. ಅಪೂರ್ವ ಆಗ ಒಂದು ಕೈಯಲ್ಲಿ ಸಿಂಕು ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಮುಖ ಸುಣ್ಣದ ಹಾಗಿತ್ತು.

ಅವತ್ತೇ ಅವಳನ್ನು ಬಸವೇಶ್ವರನಗರದ ನಮ್ಮ ಮನೆಗೆ ಕರೆದುಕೊಂಡು ಬಂದೆ. ಹೊಟ್ಟೆಗೆ ಹರಳೆಣ್ಣೆ ಹಚ್ಚಿ ಬಿಸಿನೀರಿನ ಬ್ಯಾಗು ಇಟ್ಟೆ. ಮೆಂತ್ಯದ ಗಂಜಿ ಕುಡಿಸಿದೆ. ಮಧ್ಯಾಹ್ನ ಪೂರ್ತಿ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡೇ ಹುರುಳೀಕಾಯಿ ನಾರು ತೆಗೆದೆ. ನಾಲ್ಕನೆಯ ದಿನ ತಲೆ ಬಾಚಿ, ಹೂ ಮುಡಿಸಿ, ವಾಪಸು ಕಳಿಸಿದೆ. ಬೀಗಿತ್ತಿ ಏನೂ ಅನ್ನಲಿಲ್ಲ. ತವರಿಗೆ ಹೋಗಿ ಬರುವುದಕ್ಕೆ ಹೆಸರಿದೆಯಲ್ಲ.

ಮುಂದಿನ ತಿಂಗಳು ನೋವು ಬಂದ ಮೇಲೆ ಹೋದೆ. ಬಸ್ಸಿನಲ್ಲಿ ಅವಳು ಮುಂದಿನ ಸೀಟಿನ ಕಂಬಿಗೆ ಹಣೆ ಕೊಟ್ಟುಕೊಂಡು ಕೂತಿದ್ದನ್ನು ನೋಡಲಾರದೆ ಹೋದೆ. ಅದಕ್ಕೇ ಆಮೇಲೆ ಒಂದು ಬುದ್ಧಿ ಮಾಡಿದೆ. ಅವಳು ಹೊರಗಾದ ದಿನ ಫೋನ್ ಮಾಡಿ ಹೇಳಬೇಕು. ನಾನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಕುಂಕುಮದ ಚುಕ್ಕೆ ಇಟ್ಟು, ಅಲ್ಲಿಂದ ಎಣಿಸಿ, ಹನ್ನೊಂದನೆಯ ದಿನ ಸಂಜೆ ಹೋಗಿ ಕರೆತರುವುದು. ನೋವು ಬರುವ ಮುಂಚೆಯೇ ಅವಳು ನನ್ನ ಮನೆಯ ಮಂಚದ ಮೇಲೆ ಇರಬೇಕು. ಹದಿನಾರನೆಯ ದಿನ ವಾಪಸು. ಆ ಎರಡು ದಿನಕ್ಕೂ ಒಂದೊಂದು ಗೀಟು. ಮೂರು ವರ್ಷ ಒಂದು ತಿಂಗಳೂ ತಪ್ಪಿಸಲಿಲ್ಲ. ನನಗೆ ಜ್ವರ ಬಂದಾಗ ನನ್ನ ಯಜಮಾನರನ್ನು ಕಳಿಸಿದೆ. ಇಷ್ಟು ಅಚ್ಚುಕಟ್ಟಾಗಿ ಮಗಳನ್ನು ನೋಡಿಕೊಳ್ಳುವ ತಾಯಿ ನಮ್ಮ ಬೀದಿಯಲ್ಲಿ ಇನ್ನೊಬ್ಬಳಿಲ್ಲ ಅಂತ ಒಳಗೊಳಗೇ ಹೆಮ್ಮೆಯೂ ಇತ್ತು, ಸುಳ್ಳೇಕೆ ಹೇಳಲಿ.

ಆ ಮೂರು ವರ್ಷದಲ್ಲಿ ಮಗು ಆಗಲಿಲ್ಲ.

ಮೊದಲ ವರ್ಷ ಯಾರೂ ಕೇಳಲಿಲ್ಲ. ಎರಡನೆಯ ವರ್ಷ ಎಲ್ಲರೂ ಕೇಳಿದರು. ನಾಗರಪ್ರತಿಷ್ಠೆ ಮಾಡಿಸಿದೆವು. ಮಂಗಳವಾರ ಮಂಗಳವಾರ ಅವಳು ಉಪ್ಪು ಬಿಟ್ಟಳು. ಅಳಿಯ ಶ್ಯಾಮಸುಂದರ ಪಾಲಿಟೆಕ್ನಿಕ್‌ನಲ್ಲಿ ಮೇಷ್ಟ್ರು, ಮೆದು ಮಾತಿನ ಮನುಷ್ಯ. ಅಮ್ಮನಿಗೆ ಗೊತ್ತಾಗದ ಹಾಗೆ ಹೋಗಿ ತಮ್ಮದೂ ಟೆಸ್ಟ್ ಮಾಡಿಸಿಕೊಂಡು ಬಂದರು. ಏನೂ ತೊಂದರೆ ಇರಲಿಲ್ಲ. ತೊಂದರೆ ಇಲ್ಲ ಅನ್ನುವ ಆ ಚೀಟಿ ಅಪೂರ್ವಳನ್ನು ಇನ್ನೂ ಕುಗ್ಗಿಸಿತು. ಒಂದು ಸೀಮಂತಕ್ಕೆ ಹೋದಾಗ, ಗರ್ಭಿಣಿಗೆ ಆರತಿ ಎತ್ತುವುದಕ್ಕೆ ಅವಳು ಎದ್ದರೆ ಯಾರೋ "ನೀನು ಕೂತ್ಕೋಮ್ಮ, ಮಕ್ಕಳಾದೋರು ಎತ್ತಲಿ" ಅಂದರಂತೆ. ಅದನ್ನು ನನಗೆ ಹೇಳಿ ನಕ್ಕಳು. ಆ ನಗು ನೋಡಿದ ಮೇಲೆ ಅವಳನ್ನು ವಿಜಯನಗರದ ಒಬ್ಬ ಲೇಡಿ ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋದೆ.

ಡಾಕ್ಟರಮ್ಮ ನಡುವಯಸ್ಸಿನವರು, ಅವಸರ ಇರಲಿಲ್ಲ. ಮುಟ್ಟಿನ ತಾರೀಕು ಕೇಳಿದರು. ನಾನು ಚೀಲದಿಂದ ಹಳೆಯ ಕ್ಯಾಲೆಂಡರಿನ ಹಾಳೆಗಳನ್ನು ತೆಗೆದು ಮೇಜಿನ ಮೇಲಿಟ್ಟೆ.

"ಅಬ್ಬಾ! ನೀವೇ ಬರೆದಿಟ್ಟಿದ್ದಾ ಅಮ್ಮ? ಇಷ್ಟು ಕರೆಕ್ಟಾಗಿ ನಮ್ಮ ನರ್ಸುಗಳೂ ಇಡಲ್ಲ" ಎಂದರು. ನನಗೆ ಖುಷಿಯಾಯಿತು. ಅವರು ಅಪೂರ್ವಳ ಕಡೆ ತಿರುಗಿದರು. "ನೋವು ಯಾವಾಗ ಬರತ್ತಮ್ಮ?"

"ಹದಿಮೂರು, ಹದಿನಾಲ್ಕನೇ ದಿನ."

"ಅದು ಮೊಟ್ಟೆ ಬಿಡುಗಡೆ ಆಗೋ ನೋವು. ಕೆಲವರಿಗೆ ಚುಳ್ ಅಂದು ಹೋಗತ್ತೆ. ನಿಂಗೆ ಜಾಸ್ತಿನೇ ಇದೆ, ಯಾಕಂತ ನೋಡಬೇಕು. ಒಂದು ಲೆಕ್ಕದಲ್ಲಿ ನೀನು ಪುಣ್ಯವಂತೆ, ಬೇರೆಯವರಿಗೆ ಆ ದಿನ ಯಾವುದು ಅಂತಾನೇ ತಿಳಿಯಲ್ಲ. ಆ ದಿನ, ಅದರ ಹಿಂದಿನ ಎರಡು ದಿನ, ಅದೇ ನೋಡು ಮಗು ನಿಲ್ಲೋಕೆ ಮುಖ್ಯವಾದ ಕಾಲ. ಆವಾಗ ನೀವಿಬ್ಬರೂ ಸೇರ್ತೀರಾ?"

ಅಪೂರ್ವ ಉಗುರು ನೋಡಿಕೊಂಡಳು. "ಆವಾಗ ನಾನು ಅಮ್ಮನ ಮನೇಲಿರ್ತೀನಿ ಡಾಕ್ಟ್ರೇ."

"ಪ್ರತಿ ತಿಂಗಳೂನಾ?"

"ಹೂಂ."

"ಯಾವತ್ತಿಂದ ಯಾವತ್ತಿನವರೆಗೆ?"

ಅವಳು ಹೇಳಬೇಕಾಗಿಯೇ ಇರಲಿಲ್ಲ. ಹನ್ನೊಂದಕ್ಕೆ ಒಂದು ಗೀಟು, ಹದಿನಾರಕ್ಕೆ ಒಂದು ಗೀಟು, ಮೂವತ್ತೈದು ತಿಂಗಳ ಹಾಳೆಗಳು ಡಾಕ್ಟರಮ್ಮನ ಕೈಕೆಳಗೇ ಇದ್ದವು. ಅವರು ಒಂದೊಂದಾಗಿ ತಿರುವಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಗೊತ್ತಿಲ್ದೆ ಆಗಿದ್ದು ಬಿಡಿ ಅಮ್ಮ" ಎಂದರು. ಆಮೇಲೆ ಅಪೂರ್ವಳಿಗೆ ಯಾವ ಮಾತ್ರೆ ನುಂಗಬಹುದು, ಆ ದಿನಗಳಲ್ಲಿ ಯಾವುದನ್ನು ನುಂಗಬಾರದು ಅಂತ ಹೇಳಿ, "ನಾಲ್ಕು ತಿಂಗಳು ನೋಡೋಣ. ಆಗಲಿಲ್ಲ ಅಂದ್ರೆ ಹೊಟ್ಟೇಲಿ ಸಣ್ಣ ತೂತು ಮಾಡಿ ಒಳಗೆ ನೋಡಬೇಕಾಗತ್ತೆ. ತಡ್ಕೊಳಕ್ಕೇ ಆಗದಿದ್ರೆ ಬಲವಂತ ಮಾಡ್ಕೋಬೇಡ. ಕೇಳಿಸ್ತಾ?" ಎಂದರು.

ಆಟೋದಲ್ಲಿ ನಾನು ಅಳುವುದಕ್ಕೆ ಶುರು ಮಾಡಿದೆ. ಅಪೂರ್ವ ನನ್ನ ಕೈ ಹಿಡಿದುಕೊಂಡಳು.

"ಸುಮ್ನಿರಮ್ಮ. ನೀನು ಕರ್ಕೊಂಡು ಬರದೇ ಇದ್ದಿದ್ರೆ ನಾನು ಆ ಮನೇಲಿ ಯಾವತ್ತೋ ಹುಚ್ಚಿ ಆಗಿರ್ತಿದ್ದೆ."

"ಮೂರು ವರ್ಷ ಕಣೇ."

"ಸುಮ್ನಿರು ಅಂದ್ನಲ್ಲ."

ಬೀಗಿತ್ತಿ ಸುಮ್ಮನಿರಲಿಲ್ಲ. ಮಗನ ಬಾಯಿಂದ ವಿಷಯ ಬಿಡಿಸಿಕೊಂಡು ಭಾನುವಾರ ಬೆಳಿಗ್ಗೆಯೇ ಬಂದರು. ನಾನು ಕೊಟ್ಟ ಕಾಫಿ ಮುಟ್ಟಲಿಲ್ಲ.

"ಅಲ್ಲ ಸೀತಮ್ಮನೋರೇ, ನನ್ನ ಮೊಮ್ಮಗೂನ ಮೂರು ವರ್ಷ ನಿಮ್ಮನೆ ಮಂಚದ ಮೇಲೇ ಮಲಗಿಸಿ ಮಲಗಿಸಿ ಕಳಿಸಿದ್ರಲ್ಲ? ನಾನು ನೆಂಟರ ಹತ್ರ ಎಲ್ಲಾ ಸೊಸೆ ಬಂಜೆ ಅಂತ ಅನ್ನಿಸ್ಕೊಂಡೆ. ಬಂಜೆ ಮಾಡಿದ್ದು ನೀವು."

"ಗೊತ್ತಿರ್ಲಿಲ್ಲ ಬೀಗಿತ್ತಮ್ಮ."

"ಗೊತ್ತಿಲ್ಲದೋರು ಇಷ್ಟು ಎಣಿಸಿ ಎಣಿಸಿ ಬರ್ತಾರಾ?"

ಒಳಗೆ ಪೇಪರು ಓದುತ್ತಿದ್ದ ನನ್ನ ಯಜಮಾನರು ಪೇಪರು ಕೆಳಗಿಳಿಸಲಿಲ್ಲ. ಆಕೆ ಹೋದ ಮೇಲೆ, "ಬಿಡೇ, ಬಾಯಿ ಜೋರು ಆಕೇದು" ಎಂದರು. ನನಗೆ ಬಾಯಿಯ ಜೋರು ತಾಕಿರಲಿಲ್ಲ. ಆಕೆ ಹೇಳಿದ್ದು ನಿಜ ಅನ್ನುವುದು ತಾಕಿತ್ತು.

ಆ ತಿಂಗಳು ಹನ್ನೊಂದನೆಯ ದಿನ ನಾನು ಹೋಗಲಿಲ್ಲ. ಹನ್ನೆರಡೂ ಕಳೆಯಿತು. ಹದಿಮೂರನೆಯ ದಿನ ಬೆಳಿಗ್ಗೆ ದೋಸೆಗೆ ರುಬ್ಬುತ್ತಿದ್ದೆ, ಬಾಗಿಲಲ್ಲಿ ಆಟೋ ನಿಂತಿತು. ಅಪೂರ್ವ ಒಬ್ಬಳೇ ಇಳಿದಳು. ಸೊಂಟ ಬಗ್ಗಿಸಿಕೊಂಡು, ಗೇಟು ಹಿಡಿದು, ಒಂದೊಂದೇ ಹೆಜ್ಜೆ ಇಟ್ಟು ಬಂದು ಮಂಚದ ಮೇಲೆ ಮುದುರಿದಳು.

"ಇದೊಂದು ತಿಂಗಳು ಬೇಡ ಅಮ್ಮ. ಮುಂದಿನ ತಿಂಗಳಿಂದ ನೋಡೋಣ" ಎಂದಳು.

"ಅಳಿಯಂದ್ರು?"

"ರಜಾ ಹಾಕಿದಾರೆ. ಅತ್ತೆ ಬೇಕು ಅಂತಾನೇ ಮಂಡ್ಯಕ್ಕೆ ಹೋದ್ರು, ಬಾದಾಮಿ ಹಾಲು ಕಾಯಿಸಿಟ್ಟು. ಇವತ್ತು ಏನು ಅಂತ ಮನೆಗೆಲ್ಲಾ ಗೊತ್ತು, ಪಕ್ಕದ್ಮನೆಯೋರಿಗೂ ಗೊತ್ತೇನೋ. ಅವರು ಕೈ ಹತ್ರ ತಂದ್ರೆ ನಂಗೆ ಕೂಗಿಕೊಳ್ಳೋ ಹಾಗಾಗತ್ತೆ. ಅವರಿಗೂ ಭಯ. ರಾತ್ರಿ ಇಬ್ರೂ ಗೋಡೆ ನೋಡ್ಕೊಂಡು ಮಲಗಿದ್ವಿ."

ಬಿಸಿನೀರಿನ ಬ್ಯಾಗು ತಂದುಕೊಟ್ಟೆ. ಕೂತು ಕಾಲು ಒತ್ತಿದೆ. ಅವಳ ಹಲ್ಲು ಕಚ್ಚಿದ ದವಡೆ ನಿಧಾನವಾಗಿ ಸಡಿಲವಾಯಿತು, ಕಣ್ಣು ಹತ್ತಿತು. ಗಂಟೆ ಹನ್ನೊಂದಾಯಿತು, ಹನ್ನೆರಡಾಯಿತು. ಮಲಗಿದ ಮಗಳನ್ನು ನೋಡುತ್ತಾ ನಾನು ಎಣಿಸುತ್ತಿದ್ದೆ. ಈ ತಿಂಗಳು ಹೋದರೆ ಮೂವತ್ತಾರು. ಬಂಜೆ ಮಾಡಿದ್ದು ನೀವು. ಡಾಕ್ಟರಮ್ಮ ಬಲವಂತ ಬೇಡ ಅಂದದ್ದು ನೆನಪಾಗಲಿಲ್ಲ ಅಂತಲ್ಲ. ನೆನಪಾಯಿತು, ಪಕ್ಕಕ್ಕೆ ಸರಿಸಿದೆ.

ಎರಡು ಗಂಟೆಗೆ ಅವಳನ್ನು ಎಬ್ಬಿಸಿ ಅನ್ನ ತಿಳಿಸಾರು ಊಟ ಮಾಡಿಸಿದೆ. ಮಾತ್ರೆ ಕೊಟ್ಟೆ. ಆಮೇಲೆ ಬೀದಿಗೆ ಹೋಗಿ ಆಟೋ ಕರೆದುಕೊಂಡು ಬಂದೆ.

"ಯಾರಿಗಮ್ಮ ಆಟೋ?"

"ಹೊರಡು ಅಪ್ಪೂ."

"ಅಮ್ಮ, ನಿಲ್ಲಕ್ಕೇ ಆಗ್ತಿಲ್ಲ ನಂಗೆ."

"ನಾನು ಇಟ್ಕೊಂಡ್ರೆ ನಿಂಗೆ ಮಗು ಆಗಲ್ಲ ಕಣೇ. ಹೊರಡು."

"ನೀನೂನಾ?" ಎಂದಳು. ಅಷ್ಟೇ. ಅತ್ತೆಯ ಮನೆಯಲ್ಲಿ ಪಾತ್ರೆ ತಿಕ್ಕುವಾಗ ಇದ್ದಂಥದೇ ಮುಖ ಮಾಡಿಕೊಂಡು ಎದ್ದಳು. ನಾನು ಕೈ ಹಿಡಿಯಹೋದರೆ ಬಿಡಿಸಿಕೊಂಡು ತಾನೇ ಗೇಟು ದಾಟಿದಳು. ಆಟೋದವನು, "ಆಂಟಿ, ಹುಷಾರಿಲ್ವಾ? ಆಸ್ಪತ್ರೆಗಾ?" ಎಂದು ಕೇಳಿದ. "ಅಲ್ಲಪ್ಪ, ಅವಳ ಮನೆಗೆ" ಎಂದೆ.

ಆ ತಿಂಗಳೂ ಮುಟ್ಟಾದಳು. ನನಗೆ ಗೊತ್ತಾದದ್ದು ಅಳಿಯನಿಂದ. ಅವಳು ಫೋನ್ ಮಾಡಲಿಲ್ಲ. ನಾನು ಮಾಡಿದರೆ ಎತ್ತಿಕೊಂಡು, ಚೆನ್ನಾಗಿದೀನಿ, ತಿಂಡಿ ಆಯ್ತು, ನಿಂದಾಯ್ತಾ, ಅಂತ ನಾಲ್ಕು ಮಾತಾಡಿ ಇಡುತ್ತಿದ್ದಳು. ನೋವಿನ ಬಗ್ಗೆ ಕೇಳಿದರೆ, "ಈಗ ಅಷ್ಟಿಲ್ಲಮ್ಮ."

ಅಷ್ಟಿಲ್ಲ ಅನ್ನುವುದನ್ನು ನಾನು ಎರಡು ತಿಂಗಳು ನಂಬಿದೆ, ಅಥವಾ ನಂಬಿದ ಹಾಗೆ ಇದ್ದೆ. ಮೂರನೆಯ ತಿಂಗಳು ಮನಸ್ಸು ತಡೆಯಲಿಲ್ಲ. ಅಳಿಯ ಹೇಳಿದ ತಾರೀಕಿನಿಂದ ಎಣಿಸಿ ಹದಿನಾಲ್ಕನೆಯ ದಿನ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಹೇಳಬೇಕಾದ್ದನ್ನು ಜೋಡಿಸಿಕೊಂಡೆ. ಮಗು ಬೇಡ. ಆದರೆ ಆಯಿತು, ಇಲ್ಲದಿದ್ದರೆ ಇಲ್ಲ. ನಿನ್ನನ್ನು ಹೀಗೆ ಸುಟ್ಟು ಯಾವ ಮೊಮ್ಮಗುವೂ ನನಗೆ ಬೇಡ. ಬಾ ಮನೆಗೆ.

ಶ್ಯಾಮಸುಂದರ ತಮ್ಮ ಮನೆಯ ತಿರುವಿನಲ್ಲಿ, ಮುಚ್ಚಿದ ಅಂಗಡಿಯ ಕಟ್ಟೆಯ ಮೇಲೆ ಕೂತಿದ್ದರು. ನನ್ನನ್ನು ನೋಡಿ ಎದ್ದು ನಿಂತರು.

"ಯಾಕೆ ಇಲ್ಲಿ ಕೂತಿದೀರಿ?"

"ಸ್ವಲ್ಪ ಹೊತ್ತು ಆಚೆ ಇರಿ ಅಂದ್ಲು ಅಪೂರ್ವ, ಅತ್ತೆ. ನಮ್ಮಮ್ಮ ಈ ಸಲಾನೂ ಮಂಡ್ಯಕ್ಕೆ ಹೋಗಿದಾರೆ. ಮಾತ್ರೆ ನುಂಗಿ ಮಲಗಿದಾಳೆ. ನೋವು ತಗ್ಗಿದಾಗ ಅವಳೇ ಫೋನ್ ಮಾಡ್ತಾಳೆ. ಆವಾಗ ಒಳಗೆ ಹೋಗ್ಬೇಕು." ಕೈಯಲ್ಲಿದ್ದ ಮೊಬೈಲು ತಿರುಗಿಸಿದರು. "ನಾನು ಬೇಡ ಅಂದೆ ಅತ್ತೆ. ದೇವರಾಣೆ ಬೇಡ ಅಂದೆ. ಅವಳು ಕೇಳಲ್ಲ."

ಬಾಗಿಲು ತಟ್ಟಿದೆ. ಅಪೂರ್ವ ಗೋಡೆ ಹಿಡಿದುಕೊಂಡು ಬಂದು ತೆಗೆದಳು. ತುಟಿ ಒಣಗಿತ್ತು, ಕುತ್ತಿಗೆಯೆಲ್ಲಾ ಬೆವರು. ಜೋಡಿಸಿಕೊಂಡು ಬಂದ ಮಾತನ್ನೆಲ್ಲ ಹೊಸಿಲಿನಲ್ಲಿ ನಿಂತೇ ಹೇಳಿಬಿಟ್ಟೆ. ಅಳುತ್ತಾ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ಅವತ್ತು ಹೇಳಿದ್ರೆ ಬರ್ತಿದ್ದೆ" ಎಂದಳು.

"ತಪ್ಪಾಯ್ತು ಅಪ್ಪೂ. ಈಗ ಬಾ. ಆಟೋ ತರ್ತೀನಿ."

"ಬೇಡ. ನಿನ್ನ ಮನೆಗೆ ಬಂದ್ರೆ ನಂಗೆ ಸುಖ ಆಗತ್ತೆ. ಸುಖ ಆದ್ರೆ ಮಗು ಆಗಲ್ಲ. ನೀನೇ ಹೇಳಿದ್ದು." ಒಂದು ಕೈ ಕಿಬ್ಬೊಟ್ಟೆಗೆ ಒತ್ತಿಕೊಂಡು ಉಸಿರು ಬಿಗಿಹಿಡಿದಳು. ನೋವಿನ ಅಲೆ ಇಳಿಯುವವರೆಗೆ ಕಾದು, ಮತ್ತೆ ಕಣ್ಣು ತೆರೆದು, ಮೆಲ್ಲಗೆ ಹೇಳಿದಳು: "ನೀನು ಹೊರಡಮ್ಮ. ಈಗ ಸ್ವಲ್ಪ ಕಮ್ಮಿ ಆಗೋ ಹಾಗಿದೆ. ಅವರನ್ನ ಕರೀಬೇಕು."

ನಾನು ನಿಂತೇ ಇದ್ದೆ. ಅವಳು ನನ್ನೆದುರಿಗೇ ಮೊಬೈಲು ತೆಗೆದು ನಂಬರು ಒತ್ತಿದಳು. ತಿರುವಿನಲ್ಲಿ ಅಳಿಯನ ಫೋನು ರಿಂಗಾಗುವುದು ನನಗೆ ಹೊಸಿಲಿನವರೆಗೂ ಕೇಳಿಸಿತು. ಅವರಿಗೆ ದಾರಿ ಬಿಡಬೇಕಲ್ಲ ಅಂತ ಮೆಟ್ಟಿಲು ಇಳಿದೆ.