ಸೋಮವಾರದ ತರಗತಿಗೆ ಮೈಯೊಡ್ಡಿದ ಕರಿಹಲಗೆ

ನಾನು ಒಂದು ಕರಿಹಲಗೆ. ಸಾಗುವಾನಿಯ ಮೂರು ಹಲಗೆಗಳನ್ನು ಸಂದು ಕಾಣದಂತೆ ಜೋಡಿಸಿ, ನುಣುಪಾಗಿ ಉಜ್ಜಿ, ಎರಡು ಸಲ ಕಪ್ಪು ಬಳಿದು, ಮೌನೇಶ ಬಡಿಗೇರ ಎಂಬ ಕುಶಲಕರ್ಮಿಯು ನನಗೆ ಜನ್ಮವಿತ್ತನು. ನೇಕಾರರ ಊರೊಂದರ ಪದವಿ ಕಾಲೇಜಿನಲ್ಲಿ ಇಪ್ಪತ್ತೊಂಬತ್ತು ವರ್ಷ ಎಂಟನೆಯ ಕೊಠಡಿಯ ಗೋಡೆಯನ್ನು ಆಳಿದೆನು. ಬೇಡಿಕೆಯ ನಿಯಮವನ್ನೂ ಷಟ್ಪದಿಯ ಮಾತ್ರೆಗಳನ್ನೂ ಒಂದೇ ಗಾಂಭೀರ್ಯದಿಂದ ಧರಿಸಿದೆನು. ಬಳಿಕ ಬಿಳಿಯ ಹೊಳಪಿನ ಫಲಕವೊಂದು ಬಂದಿತು. ನನ್ನನ್ನು ಇಳಿಸಿ ಸಭಾಕೊಠಡಿಗೆ ಸಾಗಿಸಿದರು. ಅದನ್ನು ಅವಮಾನವೆಂದೇ ಬಗೆದಿದ್ದೆ. ನನ್ನ ಬಾಳಿನ ದೊಡ್ಡ ಕೆಲಸ ನಡೆದದ್ದು ಆ ಕೊಠಡಿಯಲ್ಲಿಯೇ.

ಇಡೀ ಕಾಲೇಜಿಗೆ ಆನ್‌ಲೈನ್ ಶಿಕ್ಷಣದ ಯೋಜನೆ ಬೇಕೆಂದು ಆಡಳಿತ ಮಂಡಳಿ ನಿರ್ಧರಿಸಿತು. ಪ್ರಾಚಾರ್ಯ ಹಂಚಿನಾಳರು ತಮ್ಮ ದುಂಡಕ್ಷರದಲ್ಲಿ ನನ್ನ ಮೇಲೆ ಬರೆದರು: ವಾರಕ್ಕೆ ಆರು ದಿನ ಬೆಳಿಗ್ಗೆ ಹತ್ತರಿಂದ ಎರಡರವರೆಗೆ ಮೊಬೈಲಿನಲ್ಲಿ ನೇರ ತರಗತಿ, ಸಮಯಕ್ಕೆ ಸೇರಿದವರಿಗಷ್ಟೇ ಹಾಜರಿ, ಶೇಕಡಾ ಎಪ್ಪತ್ತೈದು ಹಾಜರಿಯಿಲ್ಲದವರಿಗೆ ಪರೀಕ್ಷೆಯಿಲ್ಲ. ಅದರಂತೆ ಒಂದು ತಿಂಗಳು ಪ್ರಯೋಗವೂ ನಡೆಯಿತು.

ತಿಂಗಳ ಕೊನೆಯ ಸಭೆಗೆ ಅರ್ಥಶಾಸ್ತ್ರದ ಉಪನ್ಯಾಸಕಿ ಗಿರಿಜಾ ಯಂಡಿಗೇರಿ ಹಾಜರಿ ಪುಸ್ತಕ ಹಿಡಿದು ಬಂದರು.

“ಸರ್, ಸುನಂದಾ ಚಿಲ್ಲಾಳ ಹೋದ ವರ್ಷ ವರ್ಗಕ್ಕೇ ಮೊದಲು ಬಂದಾಕಿ. ಈ ತಿಂಗಳು ಒಂದು ದಿನಾನೂ ಹಾಜರಿಲ್ಲ. ಪರೀಕ್ಷಾ ತಪ್ಪಿತಂದ್ರ ಮನಿಯಾಗ ಓದೇ ಬಿಡಸ್ತಾರ.”

“ಮೇಡಂ, ಮೊಬೈಲ್ ಐತೋ ಇಲ್ಲೋ ಅಂತ ಎಲ್ಲಾರ್ನೂ ಮೊದಲ ಕೇಳೇವಿ. ಒಬ್ಬರೂ ಇಲ್ಲ ಅಂದಿಲ್ಲ,” ಎಂದರು ಪ್ರಾಚಾರ್ಯರು.

“ಹೆಂಗ ಕೇಳಿದ್ರಿ?”

“ವಾಟ್ಸಾಪಿನ್ಯಾಗ.”

ಚಹಾ ಹಂಚುತ್ತಿದ್ದ ಜವಾನ ದಾವಲಸಾಬನು ನಿಂತುಬಿಟ್ಟನು. “ಮೊಬೈಲ್ ಇಲ್ಲದಾವ್ರು ಇಲ್ಲ ಅಂತ ಯಾವುದ್ರಾಗ ಹೇಳ್ಬೇಕ್ರೀ ಸಾಹೇಬ್ರ? ಪಾರಿವಾಳ ಬಿಡ್ಬೇಕೇನ್ರಿ?”

ಸಭೆ ಗೊಳ್ಳೆಂದಿತು. ಪ್ರಾಚಾರ್ಯರು ನಗಲಿಲ್ಲ. ನನ್ನನ್ನೇ ಒಂದು ಗಳಿಗೆ ದಿಟ್ಟಿಸಿ, ಎದ್ದು ಬಂದು, ತಮ್ಮ ಅಕ್ಷರಗಳನ್ನು ತಮ್ಮ ಕೈಯಿಂದಲೇ ಒರೆಸಿದರು. ಅಧಿಕಾರದಲ್ಲಿರುವವರು ತಾವು ಬರೆದುದನ್ನು ಹತ್ತು ಜನರೆದುರು ಅಳಿಸುವುದನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಮರುದಿನದಿಂದ ಅಧ್ಯಾಪಕರು ಓಣಿಗಳನ್ನು ಹಂಚಿಕೊಂಡು ಮನೆಮನೆ ತಿರುಗಿದರು. ಸಂಜೆ ಬಂದು ಲೆಕ್ಕವನ್ನು ನನ್ನ ಮೇಲೆ ಗೆರೆಗಳಾಗಿ ಎಳೆದರು. ಆರುನೂರ ಹನ್ನೆರಡು ವಿದ್ಯಾರ್ಥಿಗಳಲ್ಲಿ ಇನ್ನೂರ ಮೂವತ್ತು ಜನರ ಮನೆಗೆ ಒಂದೇ ಮೊಬೈಲು. ಅದೂ ತಂದೆಯ ಕಿಸೆಯಲ್ಲಿ. ಹದಿನಾಲ್ಕು ಮನೆಗಳಲ್ಲಿ ಅದೂ ಇಲ್ಲ.

ಗಿರಿಜಾ ಹೇಳಿದರು: “ಸುನಂದಾ ಮಗ್ಗದ ಪಕ್ಕ ಕುಂತು ನೂಲು ಸುತ್ತಾಕತ್ತಿದ್ಲು. ಅವರಪ್ಪ ಏಳಕ್ಕ ಮನಿಗೆ ಬಂದಮ್ಯಾಲೇ ಫೋನು ಸಿಗೂದು. ಹಗಲು ಸಿಕ್ಕರೂ ಉಪಯೋಗಿಲ್ರೀ ಸರ್. ಮಗ್ಗದ ಸದ್ದಿಗೆ, ಎದುರಿಗೆ ನಿಂತು ನಾ ಒದರಿದ್ದೂ ಅಕಿಗೆ ಕೇಳಲಿಲ್ಲ.”

“ಮಗ್ಗ ಯಾವಾಗ ನಿಂದರ್ತಾವ?”

“ದಿನಾ ಸಂಜಿ ಏಳಕ್ಕ. ಸೋಮವಾರ ಯಾರೂ ಮಗ್ಗ ಹಚ್ಚೂದಿಲ್ಲ, ಊರಿಗೇ ಸೂಟಿ.”

“ಮೂವತ್ತು ವರ್ಷ ಈ ಊರಾಗ ಉಂಡೇನಿ, ಮಗ್ಗದ ಸೂಟಿ ನೋಡಿ ವೇಳಾಪಟ್ಟಿ ಹಾಕ್ಬೇಕಂತ ಹೊಳೀಲಿಲ್ಲ,” ಎಂದು ಪ್ರಾಚಾರ್ಯರು ಸುಣ್ಣದ ಕಡ್ಡಿಯನ್ನು ಗಿರಿಜಾರ ಕೈಗಿತ್ತರು. “ನೀವ ಬರೀರಿ, ಮೇಡಂ.”

ಅವರು ಬರೆದರು. ಪಾಠಗಳನ್ನು ಚಿತ್ರೀಕರಿಸಿ ಕಳುಹಿಸುವುದು. ಮಗ್ಗ ನಿಂತ ಮೇಲೆ ಕೇಳಲಿ. ಮೊಬೈಲಿಲ್ಲದ ಹದಿನಾಲ್ವರಿಗೆ ಗ್ರಂಥಾಲಯದಿಂದ ಟ್ಯಾಬು. ಪಾಠಕ್ಕೆ ನಾಲ್ಕು ಪ್ರಶ್ನೆ. ಉತ್ತರಗಳನ್ನು ಸೋಮವಾರ ಎಲ್ಲರೂ ಕಾಲೇಜಿಗೇ ತಂದು, ಅಧ್ಯಾಪಕರೊಡನೆ ಚರ್ಚಿಸಬೇಕು. ಉತ್ತರ ತಂದರೆ ಹಾಜರಿ. ಕಳೆದ ತಿಂಗಳ ಬಾಕಿಯನ್ನೂ ಹಾಗೆಯೇ ತೀರಿಸಬಹುದು. ಈ ಸಾಲುಗಳು ಆಡಳಿತ ಮಂಡಳಿಗೆ ಹೋದವು. ಒಂದಕ್ಷರ ಬದಲಾಗದೆ ಒಪ್ಪಿಗೆಯಾದವು.

ಚಿತ್ರೀಕರಣದ ದಿನ ಇನ್ನೊಂದು ಸಂಗತಿ ನಡೆಯಿತು. ಸಭಾಕೊಠಡಿಗೆ ತಂದಿಟ್ಟ ಬಿಳಿಯ ಫಲಕದ ಮೇಲೆ ದೀಪವೇ ಪ್ರತಿಫಲಿಸಿ ಅಕ್ಷರಗಳು ಕಾಣದಾದವು. “ಕರಿಯಣ್ಣನ್ನ ಕರೀರಿ,” ಎಂದು ದಾವಲಸಾಬನು ನನ್ನತ್ತ ಕೈ ತೋರಿಸಿದನು. ಅಂದಿನಿಂದ ಎಲ್ಲ ಪಾಠಗಳೂ ನನ್ನ ಮೇಲೆಯೇ ಬರೆಯಲ್ಪಟ್ಟವು. ಮೊಳೆ ಬಿಟ್ಟು ಕದಲದೆಯೇ ನಾನು ಊರಿನ ಎಲ್ಲ ಓಣಿಗಳನ್ನೂ ಹೊಕ್ಕೆನು.

ಮೊದಲ ಸೋಮವಾರ ಸುನಂದಾ ಎರಡು ನೋಟುಪುಸ್ತಕ ತುಂಬ ಉತ್ತರ ತಂದಳು. ಗಿರಿಜಾ ಓದುತ್ತ ಹೋಗಿ, “ಏನವಾ, ನಾ ಕೇಳದ ಪ್ರಶ್ನೆಗೂ ಬರದೀಯಲ್ಲ!” ಎಂದರು.

“ಕಳಿಸಿದ ಪಾಠ ನಿಲ್ಲಿಸಿ ನಿಲ್ಲಿಸಿ ಕೇಳಬಹುದ್ರೀ ಮೇಡಂ. ವರ್ಗದಾಗ ನಿಮ್ಮನ್ನ ನಿಲ್ಲಸಾಕ ಆಗತಿತ್ತೇನ್ರಿ?”

ಈಗ ನನ್ನ ಕಪ್ಪು ಬೂದುಬಣ್ಣಕ್ಕೆ ತಿರುಗಿದೆ. ಒಂದು ಮೂಲೆ ಸೀಳಿದೆ. ನನ್ನ ಮೇಲೆ ಏನು ಬರೆಯಬೇಕೆಂಬುದು ಎಂದೂ ನನ್ನ ಕೈಯಲ್ಲಿರಲಿಲ್ಲ. ಆದರೂ ತಪ್ಪನ್ನು ಅಳಿಸಿಕೊಳ್ಳಲು ಮೈಯೊಡ್ಡಿದೆನೆಂಬ ಹೆಮ್ಮೆ ನನಗುಂಟು. ಆ ವರ್ಷದ ಪರೀಕ್ಷೆಗೆ ಸಭಾಕೊಠಡಿಯನ್ನೂ ತೆರೆದರು. ದಾವಲಸಾಬನು ಅಭ್ಯರ್ಥಿಗಳ ನೋಂದಣಿ ಸಂಖ್ಯೆಗಳನ್ನು ನನ್ನ ಮೇಲೆ ಬರೆದನು. ಸುನಂದಾ ಬಂದು, ಸಾಲಿನ ಮೇಲೆ ಬೆರಳಾಡಿಸಿ, ತನ್ನ ಸಂಖ್ಯೆಯ ಬಳಿ ನಿಲ್ಲಿಸಿದಳು. ಆಮೇಲೆ ಮೂರನೆಯ ಬೆಂಚಿನಲ್ಲಿ ಕುಳಿತು ಪೆನ್ನಿನ ಮುಚ್ಚಳ ತೆಗೆದಳು.