ಬೆಸುಗೆಯ ತುದಿಯ ನೀಲಿ

ಅದೇನು ನೀಲಿ, ನವಿಲಿನ ಕತ್ತಿನ ನೀಲಿ, ಬೇಳೆಯಷ್ಟೇ, ಆದರೂ ತಾನು ಬೆಸೆದ ಸಣ್ಣ ಪಟ್ಟಿಯನ್ನು, ಎಳೆದು ಗಟ್ಟಿತನ ಅಳೆಯುವ ಯಂತ್ರದ ದವಡೆಗಳಿಗೆ ಕಚ್ಚಿಸುವಾಗ ಅವಳ ಕಣ್ಣಿಗೆ ಅದೊಂದೇ ಕಾಣುತ್ತಿದೆ, ಉಳಿದ ಬೆಸುಗೆಯೆಲ್ಲ ಬೆಳ್ಳಿ, ಮೀನಿನ ಹುರುಪೆ ಜೋಡಿಸಿದಂಥ ಬೆಳ್ಳಿ, ಕೊನೆಯಲ್ಲಿ ಮಾತ್ರ ಆ ಹಾಳು ಸೀನು — ಬೆಸೆಯುವ ಲೇಸರ್ ನಿಂತದ್ದೇ ತಡ ಅಕ್ಷೀ ಅಂತ ಬಂತು, ಕೈ ಜರುಗಿತು, ಕಾದ ಟೈಟಾನಿಯಂ ಆರ್ಗಾನ್ ಅನಿಲದ ಹೊದಿಕೆಯಿಂದ ಆಚೆ ಬಿದ್ದು ಬರಿ ಗಾಳಿ ಕುಡಿಯಿತು, ಕುಡಿದದ್ದೇ ನೀಲಿಯಾಯಿತು, ಎಷ್ಟು ಚಂದ, ಓಲೆ ಮಾಡಿಸಿಕೊಳ್ಳೋಣ ಅನ್ನಿಸುವಷ್ಟು ಚಂದ, ಚಂದವಾದಷ್ಟೂ ಪೆಡಸು ಅಂತಾರೆ, ಅಂತಾರೆ ಅಷ್ಟೇ, ಎಷ್ಟು ಪೆಡಸು ಅಂತ ಅವಳಿಗೆ ಯಾರೂ ಎಳೆದು ತೋರಿಸಿಲ್ಲ. ತುದಿ ಕತ್ತರಿಸಿ ಬಿಸಾಕೋದು ಕಣೇ, ನಡುವಿನ ಪಟ್ಟಿ ಕೊಡು, ಪಾಸಾಗು, ನಾಳೆಯಿಂದ ರಾಣಿ ಹಾಗೆ ಲೇಸರ್ ಮುಂದೆ ಕೂರು, ಅಂದಿದ್ದಳು ಪಕ್ಕದ ಮೇಜಿನ ವಟವಟಕ್ಕ. ಕೂರಬಹುದಿತ್ತು, ಫೇಲಾದರೆ ಮತ್ತೆ ಪಾಲಿಶ್ ಕೋಣೆ, ಮೂಗಿನೊಳಗೆಲ್ಲ ಬೂದು ಧೂಳು, ಗೊತ್ತು, ಗೊತ್ತಿದ್ದೂ ಬಾಯಿ ಸುಮ್ಮನಿರಬೇಕಲ್ಲ, ನೀಲಿ ಇರೋದನ್ನೇ ಎಳೀರಿ ಸಾರ್ ಅಂದುಬಿಟ್ಟಳು, ಪರೀಕ್ಷಕರು ಕನ್ನಡಕದ ಮೇಲಿಂದ ನೋಡಿದರು, ಹಗ್ಗ ಕೊಟ್ಟು ಕೈ ಕಟ್ಟಿಸಿಕೊಳ್ತೀಯಲ್ಲಮ್ಮ, ಇದನ್ನೇ ಲೆಕ್ಕಕ್ಕೆ ತಗೋತೀನಿ, ಆಮೇಲೆ ಅಳಬಾರದು.

ಅಳೋದೇನು ಬಂತು, ಗೊತ್ತಾಗಬೇಕು, ಅಪ್ಪನ ಎದೆಯಲ್ಲೂ ಇಂಥದೇ ಬೆಸುಗೆಯ ಡಬ್ಬಿ ಇದೆಯಲ್ಲ, ಕೊರಳೆಲುಬಿನ ಕೆಳಗೆ, ಬೆಂಕಿಪೆಟ್ಟಿಗೆಯಷ್ಟು, ಹೃದಯ ಮರೆತಾಗೆಲ್ಲ ನೆನಪಿಸುವ ಪೇಸ್‌ಮೇಕರ್, ಬಾ ಮಗಳೇ ಮುಟ್ಟಿ ನೋಡು, ನಿಮ್ಮಮ್ಮನಿಗಿಂತ ಚೆನ್ನಾಗಿ ತಿವಿದು ಎಬ್ಬಿಸುತ್ತೆ ಅಂತ ನಗುತ್ತಾನೆ, ಮುಟ್ಟಿದರೆ ಚರ್ಮದಡಿ ಅಂಚು ಸಿಗುತ್ತದೆ, ಆ ಅಂಚನ್ನು ಬೆಸೆದವಳು ಯಾರೋ, ಅವಳಿಗೂ ಸೀನು ಬಂದಿತ್ತೋ ಏನೋ — ಯಂತ್ರದ ಮುಳ್ಳು ಏರುತ್ತಿದೆ, ಏರಲಿ, ಬೆಳಗ್ಗೆ ಎಳೆದ ಬೇರೊಬ್ಬಳ ಬೆಳ್ಳಿ ಪಟ್ಟಿ ಸಕ್ಕರೆ ಪಾಕದ ಹಾಗೆ ಹಿಗ್ಗಿ, ಸೊಂಟ ಸಣ್ಣಗಾಗಿ, ಬೆಸುಗೆಯನ್ನು ಬಿಟ್ಟು ಪಕ್ಕದ ಲೋಹದಲ್ಲೇ ಹರಿದಿತ್ತು, ಬೆಸುಗೆಯೇ ಗಟ್ಟಿ ಅಂತ ಎಲ್ಲ ಚಪ್ಪಾಳೆ, ಇದೂ ಹಾಗೇ ಹರಿದರೆ ಇವತ್ತು ಅಪ್ಪನ ಎದೆಯ ಮೇಲೆ ಕೈಯಿಟ್ಟು ನಗಬಹುದು, ಮುಳ್ಳು ಇನ್ನೊಂದು ಚೂರು, ಇನ್ನೊಂದು —

ಟಪ್. ಹಿಗ್ಗಲೂ ಇಲ್ಲ, ಸೊಂಟ ಸಣ್ಣಗಾಗಲೂ ಇಲ್ಲ, ಸೀಮೆಸುಣ್ಣದ ಹಾಗೆ, ನೀಲಿಯಲ್ಲೇ. ನಾನು ಹೇಳಲಿಲ್ವೇನೇ ಅನ್ನುತ್ತಿದ್ದಾಳೆ ವಟವಟಕ್ಕ, ಪಾಲಿಶ್ ಕೋಣೆ ಕಣಮ್ಮ ಅನ್ನುತ್ತಿದ್ದಾರೆ ಪರೀಕ್ಷಕರು, ಅವಳ ಬೆರಳ ತುದಿಯಲ್ಲಿ ಮಾತ್ರ ಅಪ್ಪನ ಚರ್ಮದಡಿಯ ಆ ಅಂಚು, ಅದರ ಬಣ್ಣ ಯಾವುದು, ಬೆಳ್ಳಿಯೇ ಇರಬೇಕು, ಬೆಳ್ಳಿಯೇ, ಎರಡು ದವಡೆಗಳಲ್ಲೂ ಒಂದೊಂದು ಅರ್ಧ, ಬೇಳೆಯಷ್ಟೇ, ನೀಲಿ